ಲೆಕ್ಕದಿಂದ ಹುಟ್ಟಿದ ಅಕ್ಷರ

ಬರವಣಿಗೆಯು ಕಥೆ, ಕಾವ್ಯಗಳಿಗಾಗಿ ಹುಟ್ಟಿತೆಂದು ಅನೇಕರು ತಿಳಿದಿದ್ದಾರೆ. ಆದರೆ ಇಂದಿನ ಇರಾಕ್ ದೇಶದಲ್ಲಿ ದೊರೆತ ಅತ್ಯಂತ ಹಳೆಯ ಬರಹಗಳು ಬೇರೆಯೇ ಸಂಗತಿಯನ್ನು ಹೇಳುತ್ತವೆ. ಅವುಗಳಲ್ಲಿ ಹೆಚ್ಚಿನವು ಧಾನ್ಯ, ಕುರಿ ಮತ್ತು ಕೂಲಿಯ ಲೆಕ್ಕಗಳು.

ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ನಾಡೇ ಮೆಸೊಪೊಟೇಮಿಯ. ಕ್ರಿ.ಪೂ. ಸುಮಾರು 8000ದಿಂದಲೇ ಪಶ್ಚಿಮ ಏಷ್ಯಾದ ಜನರು ಜೇಡಿಮಣ್ಣಿನಿಂದ ಸಣ್ಣ ಗುಂಡು, ಬಿಲ್ಲೆ, ಶಂಕುಗಳನ್ನು ಮಾಡುತ್ತಿದ್ದರು. ಇವು ಎಣಿಕೆಯ ಗುರುತುಗಳೆಂದು ಡೆನಿಸ್ ಶ್ಮಾಂಟ್-ಬೆಸೆರಾ ಎಂಬ ವಿದುಷಿ ವಿವರಿಸಿದರು. ಕ್ರಿ.ಪೂ. ಸುಮಾರು 3500ರ ಹೊತ್ತಿಗೆ ಈ ಗುರುತುಗಳನ್ನು ಟೊಳ್ಳಾದ ಮಣ್ಣಿನ ಉಂಡೆಯೊಳಗಿಟ್ಟು ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ಉಂಡೆಯನ್ನು ಒಡೆಯದೆ ಲೆಕ್ಕ ಬದಲಿಸುವಂತಿರಲಿಲ್ಲ. ಆದರೆ ಒಳಗೆ ಎಷ್ಟಿದೆಯೆಂದು ನೋಡಲೂ ಒಡೆಯಲೇಬೇಕಿತ್ತು! ಆದ್ದರಿಂದ ಕೆಲವು ಉಂಡೆಗಳ ಹೊರಮೈಯಲ್ಲೇ ಗುರುತುಗಳ ಅಚ್ಚು ಒತ್ತಿದರು. ಲೆಕ್ಕ ಹೊರಗೇ ಕಾಣುವಾಗ ಒಳಗಿನ ಗುರುತುಗಳೇಕೆ? ಹೀಗೆ ಉಂಡೆಯ ಜಾಗಕ್ಕೆ ಮಣ್ಣಿನ ಹಲಗೆ ಬಂತು, ಅಚ್ಚು ಅಂಕಿಯಾಯಿತು ಎಂಬುದು ಅವರ ವಾದ. ಇದರ ಎಲ್ಲ ವಿವರಗಳನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೂ ಲಿಪಿಯ ಮೊದಲ ಕೆಲಸ ಲೆಕ್ಕವೇ ಆಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಉರುಕ್ ನಗರದ ಉತ್ಖನನದಲ್ಲಿ ಕ್ರಿ.ಪೂ. 3300-3000ರ ಅವಧಿಯ ಸಾವಿರಾರು ಹಲಗೆಗಳು ಸಿಕ್ಕಿವೆ. ಅದೇ ಯುಗದ ಇನ್ನೊಂದು ಹಲಗೆಯಲ್ಲಿ 37 ತಿಂಗಳಿಗೆ 29,086 ಅಳತೆ ಬಾರ್ಲಿಯ ಲೆಕ್ಕವಿದೆ. ಜೊತೆಗೆ 'ಕುಶಿಮ್' ಎಂಬ ಸಹಿಯಿದೆ. ಇದು ವ್ಯಕ್ತಿಯ ಹೆಸರಿರಬಹುದು, ಹುದ್ದೆಯೂ ಇರಬಹುದು. ವ್ಯಕ್ತಿಯ ಹೆಸರೇ ಆಗಿದ್ದರೆ, ಬರಹದಲ್ಲಿ ಉಳಿದ ಅತಿ ಹಳೆಯ ಹೆಸರುಗಳಲ್ಲೊಂದು ರಾಜನದಲ್ಲ, ಲೆಕ್ಕ ಇಟ್ಟವನದು!

ಕ್ರಿ.ಪೂ. ಸುಮಾರು 2100-2000ರಲ್ಲಿ, ಉರ್ ನಗರದ ಮೂರನೆಯ ರಾಜವಂಶದ ಕಾಲಕ್ಕೆ ಈ ವಿದ್ಯೆ ಬಹಳ ಬೆಳೆದಿತ್ತು. ಮೇಸ್ತ್ರಿಗೆ ಕೊಟ್ಟ ಆಳುಗಳ ದಿನಗಳನ್ನೂ ಅವರಿಂದಾದ ಕೆಲಸವನ್ನೂ ಬರೆದು ತಾಳೆ ನೋಡುತ್ತಿದ್ದರು. ಕೊರತೆ ಬಿದ್ದರೆ ಅದು ಮೇಸ್ತ್ರಿಯ ಬಾಕಿಯಾಗಿ ಮುಂದಿನ ಲೆಕ್ಕಕ್ಕೆ ಸೇರುತ್ತಿತ್ತು.

ಕ್ರಿ.ಪೂ. ಸುಮಾರು 1750ರ ಹಮ್ಮುರಾಬಿಯ ಶಾಸನವು ರಶೀದಿಯ ಮಹತ್ವವನ್ನು ಸಾರುತ್ತದೆ. ವರ್ತಕನಿಗೆ ಬೆಳ್ಳಿ ಸಲ್ಲಿಸಿದ ಏಜೆಂಟನು ಮುದ್ರೆಯೊತ್ತಿದ ರಶೀದಿ ಪಡೆಯಬೇಕು. ಅಲಕ್ಷ್ಯದಿಂದ ಪಡೆಯದಿದ್ದರೆ ಆ ಬೆಳ್ಳಿ ಲೆಕ್ಕಕ್ಕೆ ಸೇರದು. 1901ರಲ್ಲಿ ಇರಾನಿನ ಸೂಸಾದಲ್ಲಿ ದೊರೆತ ಈ ಶಿಲಾಶಾಸನ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ವಿದ್ಯಾರ್ಥಿಗಳೇ, ಇಲ್ಲಿ ಯೋಚಿಸಬೇಕಾದ ಒಂದು ಮಾತಿದೆ. ಆ ಕಾಲದಲ್ಲಿ ಓದುಬರಹವು ಲಿಪಿಕಾರರ ಚಿಕ್ಕ ವರ್ಗಕ್ಕೆ ಸೀಮಿತವಾಗಿತ್ತು. ಬಾರ್ಲಿಯನ್ನು ಕೂಲಿಯಾಗಿ ಪಡೆದ ಆಳಿಗೆ ತನ್ನ ಲೆಕ್ಕವನ್ನು ತಾನೇ ಓದಲು ಬರುತ್ತಿರಲಿಲ್ಲ. ಬರೆದವನು ಹೇಳಿದ್ದೇ ನಿಜ. ಇಂದಿಗೂ ಓದಲಾರದೆ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವವರ ಪಾಡು ಇದೇ ಅಲ್ಲವೇ? ಲೆಕ್ಕ ಬಲ್ಲವನಿಗೆ ಅದು ರಕ್ಷಣೆ, ಅರಿಯದವನಿಗೆ ಅದೇ ಬಂಧನ. ಆದ್ದರಿಂದ ಲೆಕ್ಕಶಾಸ್ತ್ರವನ್ನು ಕೇವಲ ಅಂಕಗಳಿಗಾಗಿ ಕಲಿಯಬೇಡಿ. ಕಲಿತದ್ದನ್ನು ಮನೆಯವರಿಗೂ ನೆರೆಯವರಿಗೂ ಓದಿ ಹೇಳಿರಿ.