ದೂಳೋ, ಜವನವೋ?

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ತೇರು ಹೊರಟಾಗ ಜನ ಹಣ್ಣು-ಜವನ ಎಸೆಯುತ್ತಾರೆ. ಆ ಗಳಿಗೆಯನ್ನು ಹಿಂದೆ ಯಾರಾದರೂ ಕಪ್ಪುಬಿಳುಪು ಫಿಲ್ಮಿನಲ್ಲಿ ಹಿಡಿದಿದ್ದರೆ, ತೇರಿನ ಸುತ್ತಲ ಆಕಾಶದಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಉಳಿದಿರುತ್ತವೆ. ಇಂದು ಅದೇ ನೆಗೆಟಿವನ್ನು ಸ್ಕ್ಯಾನ್ ಮಾಡಿ, ದೂಳು ಅಳಿಸುವ ತಂತ್ರಾಂಶಕ್ಕೆ ಒಪ್ಪಿಸಿದರೆ ಆಕಾಶವೇನೋ ಶುಭ್ರವಾದೀತು. ಆದರೆ ಭಕ್ತರು ಎಸೆದ ಹಣ್ಣೂ ದೂಳಿನ ಜೊತೆ ಹೋದೀತು. ಚಿತ್ರಕ್ಕೆ ಲಾಭ, ಚರಿತ್ರೆಗೆ ನಷ್ಟ.

ಹಾಗಾದರೆ ಚುಕ್ಕಿಯನ್ನು ಓದುವುದು ಹೇಗೆ? ನೆಗೆಟಿವಿನ ಮೇಲೆ ಕೂತ ದೂಳು ಬೆಳಕನ್ನು ತಡೆಯುತ್ತದೆ. ಪಾಸಿಟಿವ್ ಮಾಡಿದಾಗ ಅದು ಬಿಳಿಯಾಗಿ ಕಾಣುತ್ತದೆ. ಆಕಾಶಕ್ಕೆ ಎದುರಾಗಿ ಹಾರಿದ ಹಣ್ಣು ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತದೆ. ಇಷ್ಟಕ್ಕೇ ತೀರ್ಮಾನ ಮಾಡುವಂತಿಲ್ಲ. ಚಿತ್ರ ತೆಗೆಯುವಾಗ ಕ್ಯಾಮೆರಾದ ಒಳಗೆ ಫಿಲ್ಮಿಗೆ ಅಂಟಿದ್ದ ದೂಳು, ಡೆವಲಪ್ ಮಾಡುವಾಗ ಕೂತ ಗಾಳಿಗುಳ್ಳೆ ಇವೂ ಕಪ್ಪು ಚುಕ್ಕಿ ಬಿಡುತ್ತವೆ. ಮೇಲಿನ ದೂಳನ್ನು ಗುರುತಿಸಲು ಒಂದು ಸರಳ ಉಪಾಯವಿದೆ: ಒಮ್ಮೆ ಸ್ಕ್ಯಾನ್ ಮಾಡಿ, ನೆಗೆಟಿವಿಗೆ ಮೆಲ್ಲಗೆ ಗಾಳಿ ಊದಿ, ಮತ್ತೊಮ್ಮೆ ಸ್ಕ್ಯಾನ್ ಮಾಡುವುದು. ಜಾಗ ಬದಲಿಸಿದ್ದು ಅಥವಾ ಮಾಯವಾದದ್ದು ದೂಳು. ಕದಲದೆ ಉಳಿದದ್ದನ್ನು ಕಣ್ಣಿಟ್ಟು ನೋಡಬೇಕು.

ಈ ಕೆಲಸವನ್ನು ಯಂತ್ರವೇ ಮಾಡಬಾರದೇಕೆ? ಡಿಜಿಟಲ್ ಐಸ್‌ನಂಥ ವ್ಯವಸ್ಥೆಗಳು ಅವಕೆಂಪು ಕಿರಣ ಹಾಯಿಸಿ ದೂಳು, ಗೀರುಗಳನ್ನು ಪತ್ತೆಮಾಡುತ್ತವೆ. ಸಾಮಾನ್ಯ ಕಲರ್ ನೆಗೆಟಿವಿನ ಬಣ್ಣಗಳು ಆ ಕಿರಣವನ್ನು ಬಿಟ್ಟುಕೊಡುತ್ತವೆ, ದೂಳು ತಡೆಯುತ್ತದೆ. ಆದರೆ ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದಾದದ್ದು. ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ ಯಂತ್ರಕ್ಕೆ ಚಿತ್ರವೂ ದೂಳಿನಂತೆಯೇ ತೋರುತ್ತದೆ.

ಕಪಿಲೆ ಹರಿದು ಕಾವೇರಿಯನ್ನು ಕೂಡುವ ತಿ. ನರಸೀಪುರಕ್ಕೆ ಬಂದರೆ ಪ್ರಶ್ನೆ ಇನ್ನೂ ಗಂಭೀರ. 1959ರಿಂದ 1965ರ ನಡುವೆ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಇಲ್ಲಿ ನಡೆದ ಉತ್ಖನನ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದಿತು. ಅಗೆದ ಪದರವನ್ನು ಮತ್ತೆ ಅಗೆಯಲಾಗದು. ಆಮೇಲೆ ಉಳಿಯುವುದು ಸಿಕ್ಕ ವಸ್ತುಗಳು, ಟಿಪ್ಪಣಿ, ನಕ್ಷೆ, ಫೋಟೊ. ಯಾವುದೇ ಉತ್ಖನನದ ಚಿತ್ರದಲ್ಲಿ ಗುಂಡಿಯ ಗೋಡೆಯ ಮೇಲಿನ ಬಿಳಿ ಚುಕ್ಕಿ ದೂಳಾಗಿರಬಹುದು, ಮೂಳೆಯ ಚೂರೂ ಆಗಿರಬಹುದು. ಅದನ್ನು ಒರೆಸಿ ಅಕ್ಕಪಕ್ಕದ ಮಣ್ಣಿನ ಬಣ್ಣ ತುಂಬಿದರೆ, ಯಾರೂ ಕಾಣದ ಮಣ್ಣನ್ನು ನಾವು ಅಲ್ಲಿ ಸೃಷ್ಟಿಸಿದಂತೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಹೊಸದಲ್ಲ. ಬಿ. ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ. ಕಲ್ಲು ಸವೆದು ಅಕ್ಷರ ಹೋದ ಕಡೆ ಶಾಸನ ಸಂಪಾದಕರು ಚುಕ್ಕಿಗಳನ್ನಿಟ್ಟು ಮುಂದೆ ಹೋಗುತ್ತಾರೆ. ಊಹಿಸಿದ ಅಕ್ಷರವನ್ನು ಕಂಸದೊಳಗಿಡುತ್ತಾರೆ. ಓದುಗರಿಗೆ ಕಲ್ಲಿನ ಮಾತು ಯಾವುದು, ಸಂಪಾದಕರ ಮಾತು ಯಾವುದು ಎಂದು ತಿಳಿಯುತ್ತದೆ.

ನೆಗೆಟಿವಿಗೂ ಇದೇ ಶಿಸ್ತು ಬೇಕು. ಮೊದಲ ಸ್ಕ್ಯಾನನ್ನು ಕಲೆ, ಗೀರು, ಅಂಚಿನ ಬರಹಗಳ ಸಮೇತ ಮುಟ್ಟದೆ ಇಡಬೇಕು. ತಿದ್ದುವುದೆಲ್ಲ ಪ್ರತಿಯಲ್ಲಿ, ಬೇರೆ ಪದರದಲ್ಲಿ ಆಗಲಿ; ಏನನ್ನು ತೆಗೆದೆವೆಂಬ ಟಿಪ್ಪಣಿ ಜೊತೆಗಿರಲಿ. ಹಳೆಯ ಸ್ಟುಡಿಯೊಗಳಲ್ಲಿ ಮುಖದ ಕಲೆ ಮರೆಸಲು ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು. ಅದನ್ನೂ ಕೊಳೆಯೆಂದು ಒರೆಸಬಾರದು. ತಾನು ಹೇಗೆ ಕಾಣಬೇಕೆಂದು ಒಂದು ಕಾಲ ಬಯಸಿತ್ತೆಂಬುದಕ್ಕೆ ಆ ಪೆನ್ಸಿಲ್ ಗೆರೆಗಳೇ ದಾಖಲೆ.