ಬೆಳಕಿಂಡಿಯ ಕೆಳಗಿನ ಈಳಿಗೆಮಣೆ

ಧಾರವಾಡ, ವಿಜಯಪುರದ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಡುಗೆಮನೆಗೆ ಕಿಟಕಿ ಇರುತ್ತಿದ್ದುದೇ ಅಪರೂಪ. ಬೆಳಕು ಬರುತ್ತಿದ್ದುದು ನೆತ್ತಿಯ ಮೇಲಿನ ಬೆಳಕಿಂಡಿಯಿಂದ. ಮಾಳಿಗೆಯಲ್ಲಿ ಬಿಟ್ಟ ಆ ಒಂದೇ ತೂತಿನಲ್ಲಿ ಹೊಗೆ ಮೇಲಕ್ಕೆ, ಬಿಸಿಲು ಕೆಳಕ್ಕೆ. ಮಳೆ ಬಂತೆಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕು; ಒಳಗೆ ಹಾಡಹಗಲೇ ಕತ್ತಲೆ. ಉಳಿದ ದಿನಗಳಲ್ಲಿ ಬಿಸಿಲುಕೋಲು ನೆಲದ ಮೇಲೆ ಸರಿದಂತೆ ಈಳಿಗೆಮಣೆಯೂ ಸರಿಯುತ್ತಿತ್ತು, ಜೋಳ ಹಸನು ಮಾಡುವ ಮೊರವೂ ಸರಿಯುತ್ತಿತ್ತು. ಬೆಳಕು ಎಲ್ಲಿಯೋ ಕೆಲಸ ಅಲ್ಲಿ.

ಕರಾವಳಿಯ ದಾರಿ ಬೇರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಅದೇ ಆಕಾರದ ಗಾಜಿನ ಹಂಚೂ ಆಮೇಲೆ ಬಂತು. ಒಲೆಯ ನೇರಕ್ಕೆ ಎರಡು ಗಾಜಿನ ಹಂಚು ಕೂರಿಸಿದರೆ ಹಗಲಿನ ಅಡುಗೆಗೆ ಸಾಕು. ಆದರೆ ಒಳಗಿನಿಂದ ಒಲೆಯ ಮಸಿ, ಹೊರಗಿನಿಂದ ಮಳೆಗಾಲದ ಪಾಚಿ. ಒರೆಸದೆ ಬಿಟ್ಟರೆ ಗಾಜಿನ ಹಂಚಿಗೂ ಮಣ್ಣಿನ ಹಂಚಿಗೂ ವ್ಯತ್ಯಾಸವೇ ಉಳಿಯದು!

ರಾತ್ರಿಗೆ ಒಲೆಯ ಉರಿಯೇ ದೀಪ. ಸೀಮೆಎಣ್ಣೆ ಬಂದಾಗ ಗಾಜಿನ ಲಾಟೀನು ಪಡಸಾಲೆಗೆ ಹೋಯಿತು, ಹೊಗೆಯುಗುಳುವ ಚಿಮಣಿ ಬುಡ್ಡಿ ಅಡುಗೆಮನೆಗೆ. ಯಾರ ಕೆಲಸಕ್ಕೆ ಎಷ್ಟು ಬೆಲೆ ಎಂಬುದು ದೀಪ ಹಂಚುವಾಗಲೇ ಗೊತ್ತಾಗುತ್ತಿತ್ತು. ಆದರೂ ಬುಡ್ಡಿಗೆ ಒಂದು ಗುಣವಿತ್ತು: ಸಾರಿಗೆ ಕುದಿ ಬಂತೇ ಎಂದು ಪಾತ್ರೆಯ ಬಾಯಿಗೇ ಹಿಡಿದು ನೋಡಬಹುದಿತ್ತು.

ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಆ ಸಾಲಿನಲ್ಲಿ ಅಡುಗೆಮನೆ ಬಹಳ ಹಿಂದೆ ನಿಂತಿತ್ತು. ಬಡವರ ಮನೆಗೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬು ಬರುವಷ್ಟರಲ್ಲಿ 1970ರ ದಶಕ ಮುಗಿಯುತ್ತಿತ್ತು. ನಡುಮನೆಗೂ ಅಡುಗೆಮನೆಗೂ ಆಗಲೆಂದು ಅದನ್ನು ನಡುಗೋಡೆಯ ತಲೆಗೆ ಸಿಕ್ಕಿಸಿದವರಿದ್ದರು.

ಎಡವಟ್ಟಾದದ್ದು ಆಮೇಲೆ. ಗ್ಯಾಸ್ ಒಲೆಯ ಜೊತೆ ಕೆಲಸ ನೆಲದಿಂದ ಕಟ್ಟೆಗೆ ಏರಿತು, ದೀಪ ಮಾತ್ರ ಚಾವಣಿಯ ನಡುವೆಯೇ ಉಳಿಯಿತು. ನಿಂತು ಹೆಚ್ಚುವವರಿಗೆ ಗೋಡೆಯತ್ತ ಮುಖ, ಬಲ್ಬಿನತ್ತ ಬೆನ್ನು. ಅವರ ನೆರಳು ಅವರ ಕೈಮೇಲೆಯೇ. ಟ್ಯೂಬ್‌ಲೈಟನ್ನು ಹಿಂದಿನ ಗೋಡೆಗೆ ಹಾಕಿಸಿದವರಿಗೂ ಅದೇ ಪಾಡು.

ಈಗ ಮೇಲಿನ ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಅಂಟಿಸುತ್ತಾರೆ. ಬೆಳಕು ನೇರ ಕಟ್ಟೆಯ ಮೇಲೆ ಬೀಳುತ್ತದೆ, ಬೆಳಕಿಂಡಿಯ ಕಾಲದಲ್ಲಿ ಬಿದ್ದಂತೆ. ಹೊಸ ಮನೆ ಕಟ್ಟಿಸುವವರು ವೈರಿಂಗ್ ಆಗುವಾಗಲೇ ಅಲ್ಲಿಗೊಂದು ಪಾಯಿಂಟ್ ಹೇಳಿಬಿಡಬೇಕು. ಗೃಹಪ್ರವೇಶ ಮುಗಿದ ಮೇಲೆ ನೆನಪಾದರೆ ಟೈಲ್ಸ್ ಒಡೆಸಬೇಕಾಗುತ್ತದೆ.