ಬುಡಮೇಲಾದ ಮಿದುಳು

ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರ ತಂದೆ ತೀವ್ರ ನಿಗಾ ಘಟಕದಲ್ಲಿದ್ದರು. 'ಬ್ರೈನ್ ಸ್ಟೆಮ್ ಸತ್ತಿದೆ' ಎಂದು ವೈದ್ಯರು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: 'ಎದೆ ಬಡಿಯುತ್ತಿದೆಯಲ್ಲ?' ಜೊತೆಯಲ್ಲಿದ್ದ ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ನಮ್ಮ ಪತ್ರಿಕೆಗಳು ಇದನ್ನು 'ಮಿದುಳು ನಿಷ್ಕ್ರಿಯ' ಎಂದು ಬರೆಯುತ್ತವೆ. ಆದರೆ ಭಾರತದ 1994ರ ಅಂಗಾಂಗ ಕಸಿ ಕಾಯಿದೆ ಹೆಸರಿಸುವುದು ಇಡೀ ಮಿದುಳನ್ನಲ್ಲ, ಮಿದುಳುಕಾಂಡವನ್ನು. ಬೆನ್ನುಹುರಿಗೂ ಹಿರಿಮಿದುಳಿಗೂ ನಡುವೆ, ಕಿರುಮಿದುಳಿನ ಮುಂದೆ ಅಡಗಿರುವ, ಹೆಬ್ಬೆರಳಿಗಿಂತ ತುಸು ಉದ್ದದ ಭಾಗವನ್ನು.

ಬಹುಕಾಲ ಅದು ಯಾರ ಕಣ್ಣಿಗೂ ಸರಿಯಾಗಿ ಬಿದ್ದಿರಲಿಲ್ಲ. ವೆಸಾಲಿಯಸನಂಥ ಅಂಗರಚನಾ ಶಾಸ್ತ್ರಜ್ಞರು ತಲೆಬುರುಡೆಯನ್ನು ಮೇಲಿನಿಂದ ತೆರೆದು ಪದರಪದರವಾಗಿ ಕೊಯ್ಯುತ್ತ ಬರುತ್ತಿದ್ದರು. ಬುಡ ತಲುಪುವಷ್ಟರಲ್ಲಿ ಮೆತ್ತನೆಯ ಆ ಭಾಗಗಳ ರೂಪ ಕೆಟ್ಟಿರುತ್ತಿತ್ತು. ಬೊಲೋನ್ಯದ ಕೊನ್‌ಸ್ಟಾಂಜೊ ವರೋಲಿಯೊ ಮಿದುಳನ್ನು ಹೊರತೆಗೆದು ಬುಡಮೇಲಾಗಿ ಇಟ್ಟ. ಕಾಂಡದ ಮೇಲೆ ಅಡ್ಡಲಾಗಿ ಹಾದ ದಪ್ಪ ಪಟ್ಟಿಯೊಂದು ಕಂಡಿತು. ಕಾಲುವೆಯೊಂದು ಸೇತುವೆಯಡಿ ನುಸುಳಿದಂತೆ ಕಾಂಡವು ಅದರಡಿ ಸಾಗುತ್ತದೆ ಎಂದು ತಿಳಿದು ಅದನ್ನು 'ಪಾನ್ಸ್', ಅಂದರೆ ಸೇತುವೆ ಎಂದು ಕರೆದ. ಗ್ರಂಥ 1573ರಲ್ಲಿ ಅಚ್ಚಾಯಿತು. ಎರಡು ವರ್ಷಕ್ಕೆ, ಮೂವತ್ತೆರಡರ ಆಸುಪಾಸಿನಲ್ಲಿ, ಅವನು ತೀರಿಕೊಂಡ. ಯುಸ್ತಾಕಿಯೊ ಅದನ್ನು ಮೊದಲೇ ಚಿತ್ರಿಸಿದ್ದನಾದರೂ ಆ ಫಲಕಗಳು ಬೆಳಕು ಕಂಡದ್ದು 1714ರಲ್ಲಿ. ಹೆಸರು ಉಳಿಯುವುದರಲ್ಲಿ ಮುದ್ರಕನ ಪಾಲೂ ಇದೆ.

1664ರಲ್ಲಿ ಆಕ್ಸ್‌ಫರ್ಡಿನ ಥಾಮಸ್ ವಿಲಿಸ್ ಮಿದುಳಿನ ಬುಡದ ರಕ್ತನಾಳಗಳ ವರ್ತುಲವನ್ನು ವಿವರಿಸಿದ. ಅವನ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬ. ಮುಂದೆ ಲಂಡನ್ನಿನ ಸಂತ ಪಾಲರ ಕೆಥೆಡ್ರಲನ್ನು ವಿನ್ಯಾಸಗೊಳಿಸಿದವನೂ ಅವನೇ. ಇಷ್ಟು ಸೂಕ್ಷ್ಮವಾಗಿ ನೋಡಿದ ವಿಲಿಸ್ ಉಸಿರಾಟದ ಒಡೆತನವನ್ನು ಮಾತ್ರ ಕಿರುಮಿದುಳಿಗೆ ಕೊಟ್ಟುಬಿಟ್ಟ.

ಅದನ್ನು ತಿದ್ದಿದವನು ಪ್ಯಾರಿಸ್ಸಿನ ಲೆಗಾಲ್ವಾ. ಎಳೆಯ ಮೊಲಗಳ ಮಿದುಳನ್ನು ಮುಂದಿನಿಂದ ಹಿಂದಕ್ಕೆ ತುಣುಕುತುಣುಕಾಗಿ ತೆಗೆಯುತ್ತ ಹೋದ. ಓದಲು ಮನಸ್ಸಾಗದ ಪ್ರಯೋಗ. ಹಿರಿಮಿದುಳು ಹೋದರೂ ಮೊಲ ಉಸಿರಾಡುತ್ತಿತ್ತು. ಕಾಂಡದ ಕೆಳತುದಿಯಾದ ಮೆಡುಲ್ಲಾದಲ್ಲಿ, ವೇಗಸ್ ನರ ಹುಟ್ಟುವ ಎಡೆಗೆ ಕತ್ತಿ ತಾಕಿದೊಡನೆ ಉಸಿರು ನಿಂತಿತು. 1812ರ ಅವನ ಗ್ರಂಥದಲ್ಲಿ ಇದು ದಾಖಲಾಯಿತು.

ಸಹೋದ್ಯೋಗಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇತ್ತು. ಹೃದಯಕ್ಕೆ ಬಡಿತದ ಸ್ವಂತ ಚೋದನೆಯಿದೆ. ವೆಂಟಿಲೇಟರು ಗಾಳಿಯೂಡಿಸುವಷ್ಟು ಕಾಲ ಅದು ನಡೆದೀತು. ಉಸಿರಿಗೆ ಆ ಸ್ವಾತಂತ್ರ್ಯವಿಲ್ಲ. ಆದ್ದರಿಂದಲೇ ಕಾಯಿದೆಯಂತೆ ನೇಮಕವಾಗುವ ನಾಲ್ವರು ವೈದ್ಯರ ಮಂಡಳಿ ಕಾಂಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: ಬೆಳಕಿಗೆ ಕಣ್ಣಪಾಪೆ ಕುಗ್ಗುತ್ತದೆಯೇ ಎಂಬುದು ನಡುಮಿದುಳಿನ ಪರೀಕ್ಷೆ; ಕಾರ್ನಿಯಾ ಮುಟ್ಟಿದರೆ ರೆಪ್ಪೆ ಮುಚ್ಚುತ್ತದೆಯೇ ಎಂಬುದು ವರೋಲಿಯೊನ ಸೇತುವೆಯದು; ಕೆಮ್ಮು ಮೆಡುಲ್ಲಾದ್ದು. ಕೊನೆಗೆ ವೆಂಟಿಲೇಟರನ್ನು ಬೇರ್ಪಡಿಸಿ, ಆಮ್ಲಜನಕವನ್ನು ಮಾತ್ರ ಕೊಡುತ್ತ, ಉಸಿರು ತಾನಾಗಿ ಏಳುತ್ತದೆಯೇ ಎಂದು ಕಾಯುತ್ತಾರೆ. ಆರು ಗಂಟೆ ಕಳೆದ ಮೇಲೆ ಎಲ್ಲವೂ ಮತ್ತೊಮ್ಮೆ ನಡೆಯಬೇಕು.

ಆ ರಾತ್ರಿ ಅವರು ದಾನಪತ್ರಕ್ಕೆ ಸಹಿ ಹಾಕಿದ್ದು ಎರಡನೆಯ ಸಲದ ಪರೀಕ್ಷೆ ಮುಗಿದ ಮೇಲೆ.